ಖಾಲಿ ಟ್ರೈಲರಿನ ತೂಕ

ಒಂದು ಸೇತುವೆ ಎಷ್ಟು ಭಾರ ತಡೆಯುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಇಪ್ಪತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಆದರೂ ನಮ್ಮ ಪುಟ್ಟ ಟ್ರಾವೆಲ್ ಟ್ರೈಲರ್, ಅಂದರೆ ಚಕ್ರದ ಮೇಲಿನ ಮನೆ, ಎಳೆಯಲು ಯಾವ ಗಾಡಿ ಕೊಳ್ಳಬೇಕೆಂದು ನನ್ನ ಗಂಡ ಕೇಳಿದ್ದು ಈಸ್ಟ್ ಬ್ರನ್ಸ್‌ವಿಕ್‌ನ ಅಂಕಲ್ ಒಬ್ಬರನ್ನು. ಅವರು ರಿಟೈರ್ ಆದ ಕಣ್ಣಿನ ಡಾಕ್ಟರು. ಕಣ್ಣಿನ ಪೊರೆಗೂ ಟ್ರೈಲರಿಗೂ ಏನು ಸಂಬಂಧವೋ, ದೇವರೇ ಬಲ್ಲ.

"ಮಿನಿವ್ಯಾನ್ ಧಾರಾಳವಾಗಿ ಸಾಕಪ್ಪ," ಎಂದರು ಅಂಕಲ್.

"ಕ್ಯಾಟಲಾಗಲ್ಲಿರೋದು ಖಾಲಿ ಟ್ರೈಲರ್ ತೂಕ ರೀ," ಎಂದು ಗಂಡನಿಗೆ ಹೇಳಿದೆ. "ನೀರು, ಗ್ಯಾಸು, ಸಾಮಾನು, ವ್ಯಾನಲ್ಲಿ ಕೂರೋ ನಾವು ಐದು ಜನ, ಎಲ್ಲಾ ಸೇರಿಸಿ ನೋಡಿ. ಪಿಕಪ್ ಟ್ರಕ್ಕೇ ಬೇಕು."

"ನೀನು ಎಲ್ಲದಕ್ಕೂ ಟೆನ್ಷನ್ ಮಾಡ್ಕೋತೀಯ," ಎಂದು ನಕ್ಕರು. ಮಿನಿವ್ಯಾನ್ ಬಂತು.

ಮೊದಲ ಪ್ರವಾಸದಲ್ಲೇ, ಪೊಕೊನೋ ಬೆಟ್ಟದ ಏರಿನಲ್ಲಿ, ಇಂಜಿನ್ ಕಾದು ಗಾಡಿ ರಸ್ತೆಯ ಅಂಚಿನಲ್ಲಿ ನಿಂತುಬಿಟ್ಟಿತು. ಗಂಡ ಟ್ರೈಲರಿನ ಬಾಗಿಲು ತೆಗೆದು ನನ್ನ ಕುಕ್ಕರು, ಇಡ್ಲಿ ಪಾತ್ರೆ ಎಲ್ಲವನ್ನೂ ಹುಲ್ಲಿನ ಮೇಲೆ ತಂದಿಟ್ಟರು.

"ಅರ್ಧ ಅಡುಗೆಮನೆ ಹೊತ್ಕೊಂಡು ಬಂದ್ರೆ ಯಾವ ಗಾಡಿ ತಾನೇ ಎಳೆಯುತ್ತೆ?"

ಹಿಂದಿನ ಸೀಟಿನಲ್ಲಿದ್ದ ಅತ್ತೆ ಹೌದೆಂದು ತಲೆಯಾಡಿಸಿದರು. ದಿನಾ ಬೆಳಿಗ್ಗೆ ಇಡ್ಲಿಯೇ ಆಗಬೇಕು ಎಂದಿದ್ದವರು ಅವರೇ. ನನಗೆ ಮೈಯೆಲ್ಲ ಉರಿಯಿತು.

ಮನೆಗೆ ಬಂದ ಮೇಲೆ ಗಂಡ ಮಿನಿವ್ಯಾನ್ ಮಾರಿ ಪಿಕಪ್ ಟ್ರಕ್ ಕೊಳ್ಳಲು ನಿರ್ಧರಿಸಿದರು. ಯಾವ ಟ್ರಕ್ ಒಳ್ಳೆಯದೆಂದು ಕೇಳಲು ಶನಿವಾರ ಅದೇ ಅಂಕಲ್ ಮನೆಗೆ ಹೊರಟರು. ಹೊರಡುವಾಗ ಬಾಗಿಲಲ್ಲಿ ನಿಂತು ನನ್ನನ್ನೂ ಒಂದು ಮಾತು ಕೇಳಿದರು.

"ಅಂಕಲ್‌ಗೆ ಕೊಡೋಕೆ ಚಕ್ಕುಲಿ ಇದೆಯೇನೆ?"