ಸುನಂದಾ ಮಿಸ್ ಕಲಿಸಿದ ಸ್ಪ್ಯಾನಿಷ್

ಶ್ರೀನಿವಾಸಪುರದಲ್ಲಿ ಪಕ್ಕದ ರಸ್ತೆಯ ಶಾಲೆಯವರು ಫ್ರೆಂಚ್ ಕಲಿಸುತ್ತೇವೆ ಅಂತ ಬ್ಯಾನರ್ ಕಟ್ಟಿದ ಮೇಲೆ ನಮ್ಮ ಚೇರ್ಮನ್ ಚನ್ನರಾಯಪ್ಪನವರಿಗೆ ನಿದ್ದೆ ಹತ್ತಲಿಲ್ಲ. ಮಾವಿನ ಮಂಡಿ ನಡೆಸುವವರು, ಎದುರಿನವನು ಒಂದು ಕೂಗಿದರೆ ತಾವು ಎರಡು ಕೂಗಿ ಅಭ್ಯಾಸ. ಹಾಗೆ ನಮ್ಮ ಶಾಲೆಗೆ ಸ್ಪ್ಯಾನಿಷ್ ಬಂತು. ಮೂರನೇ ಕ್ಲಾಸಿಗೆ ವಾರಕ್ಕೆ ಎರಡು ಪೀರಿಯಡ್, ಎರಡೂ ನನ್ನ ಕನ್ನಡದ ಪೀರಿಯಡ್ಡನ್ನೇ ಕತ್ತರಿಸಿ ಕೊಟ್ಟದ್ದು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಉರ್ದು, ಪುಸ್ತಕದಲ್ಲಿ ಇಂಗ್ಲಿಷ್ ಅಂತ ಒದ್ದಾಡುವ ಮಕ್ಕಳಿಗೆ ಇದೊಂದು ಕಡಿಮೆಯಾಗಿತ್ತು ಅಂತ ಸ್ಟಾಫ್ ರೂಮಿನಲ್ಲಿ ಬೇಕಾದಷ್ಟು ಗೊಣಗಿದೆ.

ಕಲಿಸಲು ಬಂದವಳು ಗೌನಿಪಲ್ಲಿಯ ಸೊಸೆ ಸುನಂದ. ಅವಳ ಮೇಲೆ ಸಿಟ್ಟಾಗಿಯೇ ಇರಬೇಕು ಅಂತ ಹಟ ಹಿಡಿದಿದ್ದೆ, ಆಗಲಿಲ್ಲ. ದನಿ ಏರಿಸದ ಹುಡುಗಿ. ಒಂದು ಬುಟ್ಟಿ ತರಕಾರಿ ತಂದು ಮಕ್ಕಳ ಕೈಲಿ ಸಂತೆ ಮಾಡಿಸುವಳು. ಬದನೆಕಾಯಿ ಮಾರುವವನೂ ಸ್ಪ್ಯಾನಿಷ್, ಚೌಕಾಸಿ ಮಾಡುವವಳೂ ಸ್ಪ್ಯಾನಿಷ್. ಎಲ್ಲಿ ಕಲಿತೆ ಅಂತ ಕೇಳಿದವರಿಗೆಲ್ಲ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಅಂತ ಒಂದೇ ಉತ್ತರ.

ಅದು ಸುಳ್ಳು. ಎಲ್ಲ ಮುಗಿದ ಮೇಲೆ ಅವಳೇ ನನ್ನ ಮುಂದೆ ಅತ್ತು ಹೇಳಿಕೊಂಡಳು. ತಂದೆ ಸತ್ತ ಮೇಲೆ ಗಡಿಯಾಚೆ ಆಂಧ್ರದ ಅಜ್ಜಿ ಮನೆಯಲ್ಲಿ ಬೆಳೆದವಳು. ಅಲ್ಲಿ ಒಂದು ಸೇವಾಸಂಸ್ಥೆಯ ಮೂಲಕ ಸ್ಪೇನಿನ ಪಿಲಾರ್ ಅನ್ನುವ ಹೆಂಗಸು ಅವಳ ಊಟ, ಬಟ್ಟೆ, ಓದು ಎಲ್ಲ ವಹಿಸಿಕೊಂಡಿದ್ದರು. ಶ್ರೀಮಂತರೇನಲ್ಲ, ಮದುವೆಯಾಗದೆ, ಬಟ್ಟೆ ಹೊಲಿದು ಬದುಕಿದವರು. ಅವರ ಜೊತೆ ಮಾತಾಡಬೇಕು ಅಂತಲೇ ಸುನಂದ ಆ ಭಾಷೆ ಕಲಿತದ್ದು. ಫೋನಿನಲ್ಲಿ ಅವರು ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, "ಇಹಾ" ಅನ್ನುವರು. ಮಗಳೇ ಅಂತ.

ಗೌನಿಪಲ್ಲಿಯ ಮಾವಿನ ತೋಪಿನವರ ಮನೆಗೆ ಸಂಬಂಧ ಕುದುರಿದಾಗ ಅವಳಮ್ಮ "ಎವರಿಕೀ ಚೆಪ್ಪೊದ್ದಮ್ಮಾ" ಅಂತ ಕೈಹಿಡಿದು ಬೇಡಿಕೊಂಡಳಂತೆ. ಯಾರಿಗೂ ಹೇಳಬೇಡ, ಧರ್ಮದ ಕೂಳು ತಿಂದು ಬೆಳೆದವಳು ಅಂತ ಬದುಕಿಡೀ ಆಡಿಕೊಳ್ಳುತ್ತಾರೆ. ಅತ್ತೆಮನೆಯಲ್ಲಿ ಮುಚ್ಚಿಟ್ಟದ್ದನ್ನು ಶಾಲೆಯಲ್ಲೂ ಮುಚ್ಚಿಟ್ಟಳು.

ಹೋದ ಜನವರಿಯಲ್ಲಿ ಪಿಲಾರ್ ಬಂದೇಬಿಟ್ಟರು. ಮೊಣಕಾಲು ನೋವಿನ ಮುದುಕಿ. ಸುನಂದ ಪಾಠ ಮಾಡುವುದನ್ನು ಕಣ್ಣಾರೆ ನೋಡಬೇಕು ಅಂತ ಟ್ಯಾಕ್ಸಿ ಮಾಡಿಕೊಂಡು ಶಾಲೆಯ ಗೇಟಿನಲ್ಲಿ ಇಳಿದವರು ಅವಳನ್ನು ತಬ್ಬಿಕೊಂಡು, ಕೈ ಹಿಡಿದೇ ನಿಂತರು. ಚೇರ್ಮನ್ ಓಡಿಬಂದು ಯಾರಮ್ಮಾ ಇವರು ಅಂತ ಕೇಳಿದರು.

"ನಮ್ ಇನ್‌ಸ್ಟಿಟ್ಯೂಟ್ ಮೇಡಂ ಸಾರ್. ಸುಮ್ನೆ ಪಾಠ ನೋಡ್ಕೊಂಡು ಹೋಗ್ತಾರೆ," ಅಂದಳು ಸುನಂದ.

ಮೆಟ್ಟಿಲು ಹತ್ತುವಾಗ ಪಿಲಾರ್ ಅವರ ಕಿವಿಯ ಹತ್ತಿರ ಬಾಗಿ ಸ್ಪ್ಯಾನಿಷ್ಷಿನಲ್ಲಿ ಏನೋ ಹೇಳಿದಳು. ಯಾರ ಸಹಾಯದಿಂದ ಓದಿದೆ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದು ಬೇಡ ಅಂತ ಹೇಳಿದ್ದಂತೆ. ಮುದುಕಿ ಅಲ್ಲೇ ಒಂದು ಗಳಿಗೆ ನಿಂತುಬಿಟ್ಟರು. ಹಿಂದೆ ಬರುತ್ತಿದ್ದ ನಾನು ಮೊಣಕಾಲು ಹಿಡಿಯಿತು ಅಂದುಕೊಂಡೆ. ಆಮೇಲೆ ಅವರು ತಲೆಯಾಡಿಸಿ, ಹಿಡಿದಿದ್ದ ಕೈಯನ್ನು ಬಿಟ್ಟರು.

ಕ್ಲಾಸಿನಲ್ಲಿ ಮಕ್ಕಳಿಗೆ ಹಬ್ಬ. ಚೇರ್ಮನ್ ಕುರ್ಚಿ ಹಾಕಿಸಿಕೊಂಡು ಕೂತರು, ನಾನು ಹಿಂದಿನ ಬೆಂಚಿಗೆ ಹೋದೆ. ಹೆಸರೇನು, ಊರು ಯಾವುದು, ಮಾವಿನಹಣ್ಣು ಇಷ್ಟವಾ ಅಂತ ಮಕ್ಕಳು ಸ್ಪ್ಯಾನಿಷ್ಷಿನಲ್ಲೇ ಕೇಳಿದರು. ಕೊನೆಗೆ ಮಿಸ್ಬಾ ಅನ್ನುವ ಚೂಟಿ ಹುಡುಗಿ ಎದ್ದು, "ತಿಯೆನೆ ಇಹೊಸ್?" ಅಂದಳು. ಮಕ್ಕಳಿದ್ದಾರಾ ನಿಮಗೆ?

ಪಿಲಾರ್ ಸುನಂದಳ ಕಡೆ ನೋಡಲಿಲ್ಲ. ಮಿಸ್ಬಾಳನ್ನೇ ನೋಡಿ ನಕ್ಕು, "ನೊ ತೆಂಗೊ ಇಹೊಸ್," ಅಂದರು.

ಚೇರ್ಮನ್ ಅರ್ಥ ಕೇಳಿದರು. ಆ ಹೊತ್ತಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅಕ್ಕಾ, ಅಜ್ಜಿ ಮನೆಯ ಬಡತನಕ್ಕೆ ಯಾವತ್ತೂ ಅಷ್ಟು ನಾಚಿರಲಿಲ್ಲ ಅಂತ ಅವಳು ಆಮೇಲೆ ಹೇಳಿದಳು. ಆಗ ಮಾತ್ರ ಬಾಯಿಂದ ಬಂದದ್ದು ಇಷ್ಟೇ:

"ಮಕ್ಕಳಿಲ್ವಂತೆ ಸಾರ್."

ಹೊಸ ವಾಕ್ಯ, ಬೋರ್ಡ್ ಮೇಲೆ ಬರೀರಿ ಮಿಸ್ ಅಂತ ಮಕ್ಕಳು ಗಲಾಟೆ ಎಬ್ಬಿಸಿದರು. ಬರೆದಳು. ಬರೆದು ಮುಗಿದ ಮೇಲೂ ಬೋರ್ಡಿನ ಕಡೆಗೇ ಮುಖ ಮಾಡಿ ನಿಂತಿದ್ದಳು. ಇಡೀ ಕ್ಲಾಸು ಅತಿಥಿಯ ಮುಖ ನೋಡಿಕೊಂಡು, ಒಂದೇ ದನಿಯಲ್ಲಿ, ನನಗೆ ಮಕ್ಕಳಿಲ್ಲ ಅಂತ ಕೂಗಿತು. ಏನೂ ತಿಳಿಯದ ನಾನೂ ಹಿಂದಿನಿಂದ ದನಿಗೂಡಿಸಿದೆ. ಮುದುಕಿ ಚಪ್ಪಾಳೆ ತಟ್ಟಿದರು.

ಚೇರ್ಮನ್ನರಿಗೆ ಖುಷಿಯೋ ಖುಷಿ. ಮೊಬೈಲ್ ತೆಗೆದು ವಿಡಿಯೊಗೆ ಹಿಡಿದು, "ಇನ್ನೊಂದ್ಸಲ ಹೇಳ್ಸಮ್ಮಾ, ಜೋರಾಗಿ," ಅಂದರು.

ಸುನಂದ ಈ ಕಡೆ ತಿರುಗಿ, ಕಣ್ಣೆತ್ತದೆ, ತಾನು ಮೊದಲು ಹೇಳಿ ಮಕ್ಕಳಿಂದ ಹೇಳಿಸಿದಳು.