ಕಳಚಿಟ್ಟ ಸ್ವಿಚ್

ಯಾರಾದರೂ ದೆವ್ವದ ಕತೆ ಶುರುಮಾಡಿದರೆ ನಡುವೆ ಪ್ರಶ್ನೆ ಹಾಕಿ ಕೆಡಿಸುತ್ತಿದ್ದವನು ನಾನು. ಭೌತಶಾಸ್ತ್ರ ಓದಿ ಅದನ್ನೇ ಪಾಠ ಹೇಳುತ್ತಿದ್ದೆ. ಈಗ ಬರೆಯುವುದನ್ನು ಬೇರೆಯವರು ಹೇಳಿದ್ದರೆ ನಂಬುತ್ತಿರಲಿಲ್ಲ. ನನ್ನ ನೆನಪನ್ನೂ ಪೂರ್ತಿ ನಂಬುವುದಿಲ್ಲ.

ತೊಂಬತ್ತರ ದಶಕದ ಕೊನೆ. ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಸಂದೇಶ ಕಳಿಸಿ ಪಡೆಯುವ ಹ್ಯಾಮ್‌ಗಳು ನಾವು. ಲೈಸೆನ್ಸಿನ ಜೊತೆ ಒಬ್ಬೊಬ್ಬರಿಗೂ ಕಾಲ್‌ಸೈನ್ ಎಂಬ ಗುರುತಿನ ಅಕ್ಷರಗಳಿರುತ್ತವೆ. ನಮ್ಮಲ್ಲಿ ಹಿರಿಯರಾದ ಲಕ್ಷ್ಮೀಪುರಂನ ಫ್ರಾನ್ಸಿಸ್ ಅಂಕಲ್ ತೀರಿಕೊಂಡ ಮೇಲೆ ಅವರ ಹೆಂಡತಿ ಸ್ಟೆಲ್ಲಾ ಆಂಟಿ ಅವರ ಹಳೆಯ ಸೆಟ್ಟನ್ನು ನನಗೆ ಕೊಟ್ಟರು. ಕಳಿಸಲು ಒಂದು ಕಡೆ, ಕೇಳಲು ಇನ್ನೊಂದು ಕಡೆ ತಿರುಗಿಸುವ ಸ್ವಿಚ್ ಸಡಿಲವಾಗಿತ್ತು. ಅಂಕಲ್ ಅದನ್ನು ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿದೇ ವರ್ಷಗಟ್ಟಲೆ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಬಡಿದಿದ್ದರಂತೆ.

ಒಂದು ಭಾನುವಾರ ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಸೆಟ್ ಬಿಚ್ಚಿದೆ. ಪ್ಲಗ್ ಕಿತ್ತು, ತಂತಿಗಳ ಬೆಸುಗೆ ಬಿಡಿಸಿ, ಸ್ವಿಚ್ಚನ್ನು ಹೊರತೆಗೆದೆ. ಚರ್ಚ್ ಮುಗಿಸಿ ಬಂದಿದ್ದ ಆಂಟಿ ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದರು. ಆಗ ಮಂಡಿ ಮೊಹಲ್ಲಾದಿಂದ ಹ್ಯಾಮ್ ಗೆಳೆಯ ಶಿವಣ್ಣನ ಫೋನ್ ಬಂತು.

“ಏನ್ ಮೇಷ್ಟ್ರೇ, ಸತ್ತೋರ ಕಾಲ್‌ಸೈನ್ ಹಾಕ್ಕೊಂಡು ಆಟ ಆಡ್ತಿದೀರಾ? ಲೈಸೆನ್ಸ್ ಹೋಗ್ಬುಡ್ತದೆ ಕಣ್ರೀ,” ಎಂದವನೇ ರಿಸೀವರನ್ನು ತನ್ನ ಸೆಟ್ಟಿನ ಸ್ಪೀಕರಿಗೆ ಹಿಡಿದ.

ಮೋರ್ಸ್. ಅದರಲ್ಲಿ ಒಬ್ಬೊಬ್ಬರ ಕೈಗೂ ಒಂದೊಂದು ನಡಿಗೆ ಇರುತ್ತದೆ. ಕೊನೆಯ ಗೆರೆಯನ್ನು ಉದ್ದಕ್ಕೆ ಎಳೆಯುವ ಈ ಕೈ ನನಗೆ ಗೊತ್ತಿತ್ತು. ಗಾಬರಿಯಲ್ಲಿ, ಅಂಗೈಯಲ್ಲಿದ್ದ ಸ್ವಿಚ್ ಕೇಳುವ ಕಡೆಗೆ ತಿರುಗಿತು. ಸದ್ದು ನಿಂತಿತು. ಹಿಂದಕ್ಕೆ, ಕಳಿಸುವ ಕಡೆಗೆ ತಿರುಗಿಸಿದೆ. ನಿಂತಲ್ಲಿಂದಲೇ ಮುಂದುವರಿಯಿತು. ತಕ್ಷಣ ಮತ್ತೆ ತಿರುಗಿಸಿ ನಿಲ್ಲಿಸಿಬಿಟ್ಟೆ.

ಆಂಟಿಗೆ ಮೋರ್ಸ್ ಬರುತ್ತಿರಲಿಲ್ಲ. ಆದರೆ ಫೋನಿನಿಂದ ಹೊರಗೆ ಕೇಳಿದಷ್ಟಕ್ಕೇ ಲೋಟ ಕೆಳಗಿಟ್ಟಿದ್ದರು.

“ಊಟಕ್ಕೆ ಏಳೋ ಮುಂಚೆ ಹಿಂಗೇ ಬಡೀತಿದ್ರು ಕಣಪ್ಪ. ಅದು ಮುಗಿದ್ಮೇಲೇ ನಾನು ತಟ್ಟೆ ಹಾಕ್ತಿದ್ದಿದ್ದು. ಈಗ ಪೂರ್ತಿ ಆಗ್ಲಿಲ್ಲ. ಇನ್ನೊಂದ್ಸಲ ತಿರುಗ್ಸು.”

ಪ್ರಯೋಗ ಅಂದಮೇಲೆ ಮತ್ತೆ ಮತ್ತೆ ಮಾಡಿ ನೋಡಬೇಕು. ಕ್ಲಾಸಿನಲ್ಲಿ ಅದನ್ನೇ ಹೇಳುತ್ತಿದ್ದವನು ನಾನು. ತಿರುಗಿಸಲು ಕೈ ಬರಲಿಲ್ಲ. “ಯಾರೋ ತಮಾಷೆ ಮಾಡುತ್ತಿದ್ದಾರೆ ಆಂಟಿ,” ಎಂದು ಫೋನ್ ಇಟ್ಟುಬಿಟ್ಟೆ. ಅವರು ನನ್ನ ಅಂಗೈಯಲ್ಲಿದ್ದ ಸ್ವಿಚ್ಚನ್ನೊಮ್ಮೆ ನೋಡಿ, ಎದ್ದು ಹೋದರು.

ಫೋನ್ ಮಾಡಿದ್ದು ನಿಜ, ಆದರೆ ಸದ್ದು ನಡುವೆ ನಿಂತದ್ದು ನೆನಪಿಲ್ಲ ಅನ್ನುತ್ತಾನೆ ಶಿವಣ್ಣ. ಇರಬಹುದು. ಫೋನ್ ಲೈನೇ ಕಡಿದು ಕೂಡಿರಬಹುದು. ನಾನು ತಿರುಗಿಸಿದ್ದು ಎರಡು ಸಲವೋ ಮೂರು ಸಲವೋ ಎಂಬುದೂ ಈಗೀಗ ಖಚಿತವಿಲ್ಲ.

ಆಂಟಿ ಆಮೇಲೆ ಆರು ವರ್ಷ ಇದ್ದರು. ಸಿಕ್ಕಾಗಲೆಲ್ಲ ಚೆನ್ನಾಗಿಯೇ ಮಾತಾಡಿಸುತ್ತಿದ್ದರು. ಆ ದಿನದ ಮಾತನ್ನು ಮಾತ್ರ ಒಮ್ಮೆಯೂ ಎತ್ತಲಿಲ್ಲ. ಯಾರದೋ ತಮಾಷೆ ಎಂದು ಅವರಿಗೆ ನಾನು ಹೇಳಿದ್ದು ನಿಜವೋ ಸುಳ್ಳೋ, ಇವತ್ತಿಗೂ ನನಗೆ ಗೊತ್ತಿಲ್ಲ.