ಬೂದಿಗಿಡಕ್ಕೆ ಹೂವುಂಟೋ ಇಲ್ಲವೋ

ಪಕ್ಕದ ಮನೆಯ ಮುಹಯ್ಯೊ ಹಿತ್ತಲಲ್ಲಿ ಮಡಕೆ ಸುಡುವ ಸ್ವಂತ ಭಟ್ಟಿ ಕಟ್ಟಿಸಿ ವರ್ಷವಾದರೂ ಅದಕ್ಕೆ ಬೆಂಕಿ ಬಿದ್ದಿರಲಿಲ್ಲ. ನಮ್ಮ ಕುಂಬಾರರ ಊರು ರಿಷ್ಟಾನಿನಲ್ಲಿ ಗುರು ಕೈಯೆತ್ತಿ ಹರಸದೆ ಶಿಷ್ಯರು ಬೇರೆ ಭಟ್ಟಿ ಹಚ್ಚುವುದಿಲ್ಲ. ಅವಳ ಗುರು ತೋಲಿಬ್ ಉಸ್ತಾ, "ನಿಂದೇ ಅನ್ನೋ ಒಂದು ತಟ್ಟೆ ಬರ್ಕೊಂಡು ಬಾ, ಆಮೇಲೆ ನೋಡೋಣ" ಅಂದಿದ್ದರು.

ಮುಹಯ್ಯೊಗೆ ಕಣ್ಣಿಗೆ ಬಿದ್ದದ್ದೆಲ್ಲ ಚಿತ್ರವೇ. ಹೂಜಿಯ ಮೇಲೆ ಜೊಂಡು, ಬಟ್ಟಲೊಳಗೆ ಕಾಲುವೆಯ ಮೀನು. ನನ್ನ ಅಂಗಳದ ಬೆಳ್ಳುಳ್ಳಿ ಜಡೆಯನ್ನೂ ಬಿಟ್ಟಿಲ್ಲ. ಈ ಸಲ ದಾಳಿಂಬೆ ಬರೆಯುತ್ತಾಳೆ ಅಂದುಕೊಂಡರೆ ಬರೆದದ್ದು ಬೂದಿಗಿಡ. ಬೆಟ್ಟದಂಚಿನ ಪುರಲೆಯಂಥ ಗಿಡ ಅದು. ನಮ್ಮ ಪಾತ್ರೆಗಳಿಗೆ ಆ ನೀಲಿ ಹೊಳಪು ಬರುವುದು ಅದರ ಬೂದಿಯಿಂದ. ಕೊಂಬೆ ಕೊಂಬೆಗೂ ಹೂವು ಬೇರೆ ಇಟ್ಟಿದ್ದಳು.

ಉಸ್ತಾ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇದಕ್ಕೆಲ್ಲಿ ಹೂವು? ಹುಡುಗ ಆಗಿದ್ದಾಗಿಂದ ಇದರ ಬೂದೀಲಿ ಕೈಯಾಡ್ಸಿದೀನಿ, ಒಂದೂ ಕಂಡಿಲ್ಲ."

"ಬೂದೀಲಿ ಹುಡುಕಿದ್ರೆ ಹೂವು ಸಿಗುತ್ತಾ ಉಸ್ತಾ?"

"ನಾಲಿಗೆ ನೋಡು ಇವಳದು. ಇಲ್ಲದ್ದನ್ನ ಬರೆಯೋಳಿಗೆ ನಾನು ಕೈಯೆತ್ತಲ್ಲ."

ಅವಳ ಜೊತೆ ಹೋಗಿ ಎಲ್ಲರಿಗೂ ಚಹಾ ಬಗ್ಗಿಸುತ್ತಿದ್ದ ನಾನು, "ಬೆಟ್ಟವೇನು ಓಡಿಹೋಗಿದೆಯಾ? ನೋಡ್ಕೊಂಡು ಬಂದ್ರಾಯ್ತು" ಅಂದೆ.

ಹಣ್ಣು ಸಾಗಿಸುವ ಶೋಕಿರನ ಪುಟ್ಟ ವ್ಯಾನು ಸಿಕ್ಕಿತು. ಉಸ್ತಾ ಮುಂದೆ, ನಾವಿಬ್ಬರು ಹಿಂದೆ ಕಲ್ಲಂಗಡಿಗಳ ನಡುವೆ. ದಾರಿಯಲ್ಲಿ ಮುಹಯ್ಯೊ ನನ್ನ ಕಿವಿಯಲ್ಲಿ, "ಎಲ್ಲಾ ಉದುರಿಹೋಗಿದ್ರೆ, ಚಿಕ್ಕಮ್ಮಾ?" ಅಂದಳು.

ಮೊದಲ ಪೊದೆಯಲ್ಲಿ ಬರೀ ಕಡ್ಡಿ. ಮುಂದಿನದರಲ್ಲೂ ಅಷ್ಟೆ. "ಬಜಾರಲ್ಲಿ ಹೂವಿನವನನ್ನ ಕೇಳೋಣ್ವಾ ಉಸ್ತಾ?" ಅಂದ ಶೋಕಿರ್. ಉಸ್ತಾ ಆಗಲೇ ಕಲ್ಲುನೆಲದ ಮೇಲೆ ಕೂತು, ಕನ್ನಡಕ ಹಣೆಗೇರಿಸಿ, ಒಂದು ಕೊಂಬೆಯನ್ನು ಮೂಗಿಗೇ ತಂದುಕೊಂಡಿದ್ದರು. ಎಲೆಯ ಬುಡದಲ್ಲಿ ಸಾಸಿವೆಯಷ್ಟು ಹಳದಿ. ಬಹಳ ಹೊತ್ತು ನೋಡಿದರು.

"ಇದೆ. ಆದ್ರೆ ನೀನು ಬರೆದಷ್ಟು ದೊಡ್ಡದಿಲ್ಲ. ಮದುಮಗಳಿಗೆ ಮಾಡ್ದಂಗೆ ಸಿಂಗಾರ ಮಾಡಿದೀಯ."

"ಇರೋಷ್ಟೇ ಬರೆದಿದ್ರೆ ನಿಮ್ಮ ಕಣ್ಣಿಗೆ ಕಾಣ್ತಿತ್ತಾ?"

"ನನ್ನ ಕಣ್ಣಿನ ಸುದ್ದಿ ಬಿಡು. ಕೂತ್ಕೋ ಇಲ್ಲಿ."

"ಇಲ್ಲೇನಾ ಉಸ್ತಾ? ಹರಸೋದು ಅಂದ್ರೆ ಕೇರಿಯವರು ಸೇರ್ಬೇಕು, ಪಲಾವು..."

"ಕೇರಿಗೆ ಹೋದ್ರೆ ನಾಲ್ಕು ಜನ ಬಂದು ನನ್ನ ಮನಸ್ಸು ಕೆಡಿಸ್ತಾರೆ."

ಅವಳು ಕಲ್ಲುಗಳ ಮೇಲೇ ಮಂಡಿಯೂರಿದಳು. ಉಸ್ತಾ ತಮ್ಮ ನಡುವಸ್ತ್ರ ಬಿಚ್ಚಿ ಅವಳ ಸೊಂಟಕ್ಕೆ ಕಟ್ಟಿ ಕೈಯೆತ್ತಿದರು. "ಭಟ್ಟಿ ಹಚ್ಚು ಮಗಳೇ. ಕೈಗೆ ನೋವು ಬರದಿರಲಿ." ನಾವೂ ಕೈಯೆತ್ತಿದೆವು. ಆಮೀನ್ ಅನ್ನುವಾಗ ಶೋಕಿರನ ದನಿಯೇ ಎಲ್ಲರಿಗಿಂತ ಜೋರು. ಸಂತೆ ಮುಗಿಯುವುದರೊಳಗೆ ಹಣ್ಣು ತಲುಪಿಸಬೇಕಿತ್ತು ಅವನಿಗೆ.